ಬದುವಿನ ಮೇಲೆ ಬಿಳುಪು

ಕುಂಭಾರಿ ಊರಿನ ಗಂಗುಬಾಯಿಯ ಹೊಲದ ತಗ್ಗಿನ ಮೂಲೆಯಲ್ಲಿ ಕಬ್ಬು ಹಳದಿಗೆ ತಿರುಗಿತು. ನೆಲದ ಮೇಲೆ ರಂಗೋಲಿ ಚೆಲ್ಲಿದಂತೆ ಬಿಳಿ ಪುಡಿ ಎದ್ದಿತು. ಬದುವಿನಾಚೆಯ ಭಾಗಾಬಾಯಿಯೇ ಉಪ್ಪು ಮಂತ್ರಿಸಿ ಎಸೆದಿದ್ದಾಳೆಂದು ಗಂಗುಬಾಯಿ ತೀರ್ಮಾನಿಸಿಬಿಟ್ಟಳು.

“ಕಾಲುವಿ ಬಂದಾಗಿಂದ ನಮ್ಮ ಬಾವಿ ತುಂಬ್ಯಾದ. ಆಕಿದು ಬರೇ ಜ್ವಾಳ. ಹೊಟ್ಟಿ ಉರಿಯಂಗಿಲ್ಲೇನ? ಈ ಸಲ ಎಳ್ಳಮಾಸಿಗಿ ಆಕಿನ್ನ ಕರಿಯೂದು ಬ್ಯಾಡ.”

ಸೊಸೆ ಸಾರಿಕಾಳಿಗೆ ಆ ಮಾತು ಹಿಡಿಸಲಿಲ್ಲ. ನಂದೇಶ್ವರದಿಂದ ಮದುವೆಯಾಗಿ ಬಂದಾಗ “ಉಂಡಿಯೇನವಾ?” ಎಂದು ಮೊದಲು ಕೇಳಿದವಳು ಭಾಗಾಬಾಯಿ. ಎಳ್ಳಮಾವಾಸ್ಯೆಗೆ ಎರಡೂ ಮನೆಯವರು ಒಂದೇ ಬನ್ನಿಗಿಡದ ಕೆಳಗೆ ಉಂಡು, ಇವರ ಹೊಲಕ್ಕೆ ಅವರು, ಅವರ ಹೊಲಕ್ಕೆ ಇವರು ಭೂತಾಯಿಯ ಎಡೆಯಾಗಿ ಚರಗ ಚೆಲ್ಲುವುದು ಹಿಂದಿನಿಂದ ಬಂದ ರೂಢಿ. ಆದರೆ ಹೋದ ವರ್ಷ ಭಾಗಾಬಾಯಿ ಚರಗದ ಅನ್ನ ಚೆಲ್ಲಿದ್ದು ಇದೇ ಮೂಲೆಯಲ್ಲಲ್ಲವೇ? ನೆನಪಾದದ್ದೇ ಸಾರಿಕಾಳ ಮನಸ್ಸಿಗೂ ಹುಳ ಹೊಕ್ಕಿತು.

ಮರುದಿನ ಗಂಡ ಎಂಐಡಿಸಿಯ ಕಾರ್ಖಾನೆಗೆ ಹೊರಟ ಮೇಲೆ ಅವಳು ಕಬ್ಬಿನೊಳಗೆ ಅಡಗಿ ಕುಳಿತಳು. ಭಾಗಾಬಾಯಿ ಬಂದಳು. ಅತ್ತಿತ್ತ ನೋಡಿ, ಸೆರಗು ಹಿಡಿದು ಬದುವಿನ ಮೇಲೆ ಬಾಗಿದಳು.

“ಏನ ಚೆಲ್ಲಾಕತ್ತೀರಿ ಕಾಕು?”

“ಯವ್ವಾ!” ಮುದುಕಿ ಬೆಚ್ಚಿದಳು. “ಚೆಲ್ಲಾಕತ್ತೀನಾ? ಆರಸಾಕತ್ತೀನಿ! ನಿಮ್ಮತ್ತಿ ಎಸದ ಉಪ್ಪ. ನನ್ನ ಜ್ವಾಳ ನೋಡ, ಬದುವಿನ ಗುಂಟ ಸುಟ್ಟಂಗ ಆಗ್ಯಾವ. ಊರ ಪಂಚರ ಮುಂದ ಸುರುವತೀನಿ.”

ಸಾರಿಕಾ ಬದುವಿನಾಚೆ ಬಗ್ಗಿ ನೋಡಿದಳು. ಅಲ್ಲಿಯೂ ಅದೇ ಬಿಳುಪು.

“ಎಸದದ್ದಾದ್ರ ಮ್ಯಾಲಷ್ಟ ಇರಬೇಕಲ್ರಿ,” ಎಂದು ಸಾರಿಕಾ ಕಳೆ ತೆಗೆಯುವ ಖುರಪಿಯಿಂದ ಕೆದರತೊಡಗಿದಳು. ಮೊಣಕಾಲುದ್ದ ತೋಡುವಷ್ಟರಲ್ಲಿ ಕುಣಿಯೊಳಗೆ ನೀರು ಜಿನುಗಿತು. ಬೆರಳದ್ದಿ ನಾಲಿಗೆಗಿಟ್ಟಳು. ಸವಳು, ಬರೀ ಉಪ್ಪು!

ಅಜ್ಜಿಯ ಕಥೆ ಥಟ್ಟನೆ ನೆನಪಾಯಿತು: ನೆಲದ ತಳದಲ್ಲಿ ಉಪ್ಪಪ್ಪ ಮಲಗಿರುತ್ತಾನೆ. ನೀರಿನ ತಾಯಿ ಗಂಗವ್ವನನ್ನು ಹೊತ್ತುಗೊತ್ತಿಲ್ಲದೆ ಕರೆದರೆ ಅವನ ಕೈ ಹಿಡಿದೆಬ್ಬಿಸಿಕೊಂಡೇ ಮೇಲೆ ಬರುತ್ತಾಳೆ. ಹಿಂದೆ ಹಗ್ಗ ಸಾಲದಿದ್ದ ತಮ್ಮ ಬಾವಿಯಲ್ಲಿ ಕಾಲುವೆ ಬಂದ ಮೇಲೆ ಈಗ ಬಾಗಿ ಕೊಡ ಅದ್ದಬಹುದು. ಅತ್ತೆ ಸಂತೋಷದಿಂದ ಬಾವಿಗೆ ಉಡಿ ತುಂಬಿದ್ದಳು. ಕಬ್ಬಿನ ಬುಡ ಮಾತ್ರ ವರ್ಷವಿಡೀ ಒಣಗಿದ್ದೇ ಇಲ್ಲ.

“ಇದನ್ನ ಯಾರೂ ಎಸದಿಲ್ಲ ಕಾಕು. ನಾವು ಬಿಟ್ಟ ನೀರ ತಳದಾಗಿನ ಉಪ್ಪ ಮ್ಯಾಲೆ ತರಾಕತ್ತದ.”

“ನೀರ ನಿಮ್ಮದು, ಹೊಲ ನನ್ನದೂ ಹೋತಲ್ಲ!” ಎಂದಳು ಭಾಗಾಬಾಯಿ.

ಅಷ್ಟರಲ್ಲಿ ಕಬ್ಬಿನ ಸಾಲಿನೊಳಗೆ ಗಳಗಳ ನೀರು ಹರಿದು ಬಂತು. ಸಾರಿಕಾ ಬಾವಿಯತ್ತ ಓಡಿಹೋಗಿ ಮೋಟಾರು ನಿಲ್ಲಿಸಿದಳು.

“ಮಾಟ ತೊಳೀಲಾಕ ಬಿಟ್ಟೀನಿ, ಯಾಕ ಬಂದ್ ಮಾಡ್ದಿ?” ಎಂದು ಬಾವಿಯ ಬಳಿ ನಿಂತಿದ್ದ ಗಂಗುಬಾಯಿ ಗುಡುಗಿದಳು.

“ತೊಳಿಯಂಗಿಲ್ರಿ ಅತ್ತಿ, ಹೆಚ್ಚಾಗ್ತದ. ಬರ್ರಿ, ಕುಣಿ ತೋರಸ್ತೀನಿ.”

ಗಂಗುಬಾಯಿ ಕದಲಲಿಲ್ಲ. ಬದುವಿನ ಮೇಲೆ ನಿಂತ ಭಾಗಾಬಾಯಿಯನ್ನು ನೋಡಿದಳು, ಸೊಸೆಯ ತುಟಿಗಂಟಿದ ಕೆಸರನ್ನು ನೋಡಿದಳು.

“ಆಕಿ ನಿನಗೇನ ಮಂತ್ರಿಸಿ ತಿನಿಸ್ಯಾಳ?”

“ನಮ್ಮ ಹೊಲದ್ದೇ ನೀರು,” ಎಂದು ಸಾರಿಕಾ ಮೋಟಾರಿನ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. “ಎಳ್ಳಮಾಸಿಗಿ ಕಾಕುನ್ನ ನಾನ ಕರೀತೀನಿ.”

ಅತ್ತೆಯ ಕಣ್ಣು ಇನ್ನೂ ಸೊಸೆಯ ತುಟಿಯ ಮೇಲೆಯೇ ಇತ್ತು.