ಉಸ್ತುವಾರಿ ಸಮಿತಿಯ ಬೆಂಚು

ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವಿನ ಸಂಬಂಧವನ್ನು ಬುಡಸಮೇತ ಅಲುಗಿಸುವಂಥ ಗಳಿಗೆಗಳು ಒಂದು ನಗರದ ಬಾಳಿನಲ್ಲಿ ಅಪರೂಪಕ್ಕೆ ಬರುತ್ತವೆ. ಅಂಥದೊಂದು ಗಳಿಗೆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬಂತು. ಕಟಿಂಗ್ ಶಾಪಿನ ಮುಂದಿದ್ದ ಮರದ ಬೆಂಚೊಂದನ್ನು ಪೊಲೀಸರು ಹೊತ್ತುಕೊಂಡು ಹೋಗಿದ್ದಾರೆಂದು ಅದರ ಮಾಲೀಕ ದೂರು ತಂದ.

ಪೊಲೀಸರ ಮೇಲೆ ಒಂದು ಕಣ್ಣಿಡಲೆಂದು ನಗರಸಭೆ ನೇಮಿಸಿದ್ದ ನಾಗರಿಕ ಉಸ್ತುವಾರಿ ಸಮಿತಿಗೆ ಇದು ಮೊದಲ ದೂರು. ಸಮಿತಿ ಹುಟ್ಟಿ ಐದು ವಾರವಾಗಿತ್ತು. ಅಷ್ಟೂ ದಿನ ಅದು ಮಾಡಿದ್ದೆಂದರೆ ತನ್ನ ಕೋಣೆಗೆ ಮೇಜು, ಫ್ಯಾನು, ಬೀಗ ಬೇಕೆಂದು ಪತ್ರ ಬರೆದದ್ದು. ಸದಸ್ಯರು ಮೂವರು. ಹಲ್ಲಿನ ಡಾಕ್ಟರಮ್ಮ ಒಬ್ಬರು, ಫೋಟೋ ಸ್ಟುಡಿಯೊದವನು ಒಬ್ಬ. ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಅವರ ಹೆಸರನ್ನು ಊರು ಎಂದೋ ಮರೆತು ತಕ್ಕಡಿಯವರು ಎಂದೇ ಕರೆಯುತ್ತಿತ್ತು. ಅವರು ಪೇಟೆಬೀದಿಗೆ ಕಾಲಿಟ್ಟರೆ ಓರೆ ತಕ್ಕಡಿಗಳು ತಾವಾಗಿ ನೆಟ್ಟಗಾಗುತ್ತಿದ್ದವಂತೆ. ಐವತ್ತು ಗ್ರಾಂ ಕಡಿಮೆ ತೂಗಿದ ಸ್ವಂತ ಷಡ್ಡಕನಿಗೇ ದಂಡ ಹಾಕಿದವರು. ಷಡ್ಡಕ ಅಂದಿನಿಂದ ಮಾತು ಬಿಟ್ಟಿದ್ದಾನೆ. ನೌಕರಿಯಿಂದ ತಮಗಾದ ಲಾಭಗಳಲ್ಲಿ ಇದೂ ಒಂದೆಂದು ತಕ್ಕಡಿಯವರು ಆಗಾಗ ನೆನೆಯುತ್ತಾರೆ.

"ಕೂತ್ಕೊಳ್ಳಿ" ಎಂದರು ಅವರು ಕ್ಷೌರಿಕನಿಗೆ.

"ಬೇಡ ಸ್ವಾಮಿ, ನಿಂತೇ ಹೇಳ್ತೀನಿ. ಒಂಬತ್ತು ದಿನದಿಂದ ನನ್ನ ಅಂಗಡೀಲಿ ಎಲ್ಲರೂ ನಿಂತೇ ಇದಾರೆ."

"ಬೆಂಚಿನ ಉದ್ದ ಎಷ್ಟು?"

"ನಾಲ್ಕು ಜನ ಸ್ವಾಮಿ. ಬಡಕಲಾದ್ರೆ ಐದು."

ತಕ್ಕಡಿಯವರ ಪೆನ್ನು ತಡವರಿಸಿತು. ಜನಗಳಲ್ಲಿ ಅಳೆಯುವ ಪದ್ಧತಿಯನ್ನು ಇಲಾಖೆ ಒಪ್ಪಿರಲಿಲ್ಲ. "ಒಂದು ಬೆಂಚಿಗೆ ಇಷ್ಟೊಂದು ಯಾಕಯ್ಯ? ಇನ್ನೊಂದು ಮಾಡಿಸ್ಕೊಂಡ್ರೆ ಆಗಲ್ವಾ?" ಎಂದ ಫೋಟೋದವನು.

"ಮಾಡಿಸ್ತೀನಿ ಸ್ವಾಮಿ. ಅದನ್ನೂ ಎತ್ಕೊಂಡು ಹೋದ್ರೆ?" ಎಂದ ಕ್ಷೌರಿಕ. "ನನ್ನ ಗಿರಾಕಿಗಳೆಲ್ಲ ಎಪ್ಪತ್ತು ದಾಟಿದವರು. ತಲೇಲಿ ಕೂದಲು ಇದ್ದು ಬರೋರಲ್ಲ, ಬೆಂಚಿಗೆ ಬರೋರು. ಒಂದು ಗಂಟೆ ಕೂತು, ಪೇಪರ್ ಓದಿ, ಮಂತ್ರಿಗಳನ್ನೆಲ್ಲ ಸಾಲಾಗಿ ಬೈದು, ಹೋಗೋವಾಗ ಪಾಪ ಇವನಿಗೂ ಏನಾದ್ರೂ ಆಗ್ಲಿ ಅಂತ ಗಡ್ಡ ಕೆರೆಸ್ಕೊಂಡು ಹೋಗ್ತಾರೆ. ಈಗ ಎಲ್ಲಾ ಎದುರುಗಡೆ ಸೋಫಾ ಹಾಕಿರೋನ ಹತ್ರ. ಸೋಫಾದಲ್ಲಿ ಕೂತ್ರೆ ಅವರಿಗೆ ಏಳೋಕಾಗಲ್ಲ, ಇಬ್ಬರು ಹಿಡಿದು ಎಬ್ಬಿಸ್ಬೇಕು. ಆದ್ರೂ ಹೋಗ್ತಾರೆ. ಇನ್ನೊಂದು ತಿಂಗಳು ಹಿಂಗೇ ಆದ್ರೆ ಅಂಗಡಿ ಮುಚ್ಚಿ ನಾನೂ ಅಲ್ಲೇ ಗಡ್ಡ ಮಾಡಿಸ್ಕೋಬೇಕು."

"ಅಯ್ಯೋ, ಮೊದಲು ಕೂತ್ಕೋಪ್ಪ" ಎಂದರು ಡಾಕ್ಟರಮ್ಮ. "ನನ್ನ ಹತ್ರ ಬರೋರೂ ಹೀಗೇ, ಕೂರೋಕೇ ಹೆದರ್ತಾರೆ. ಇಲ್ಲಿ ಯಾರೂ ಏನೂ ಕೀಳಲ್ಲ."

ಕ್ಷೌರಿಕ ಗೋಡೆಗೆ ತಾಗಿಸಿದ್ದ ಬೆಂಚಿನ ಮೇಲೆ ಸಂಕೋಚದಿಂದ ಕೂತ. ಅವನ ಬಲಗೈ ತನ್ನಷ್ಟಕ್ಕೆ ಬೆಂಚಿನ ಕೆಳಗೆ ಹೋಯಿತು, ಅಲ್ಲೇನನ್ನೋ ಮುಟ್ಟಿತು, ನಿಂತಿತು.

"ಸ್ವಾಮಿ."

"ಹೇಳಿ."

"ಟವೆಲ್ ನೇತು ಹಾಕೋಕೆ ಅಂತ ನಾನೇ ಹೊಡೆದ ಕೊಕ್ಕೆ ಇದು. ನಾನು ಕೂತಿರೋದೇ ನನ್ನ ಬೆಂಚಿನ ಮೇಲೆ."

ತಕ್ಕಡಿಯವರು ಅಳತೆಯ ಟೇಪು ಹಿಡಿದು ಎದ್ದರು. "ಸ್ವಲ್ಪ ಏಳಿ, ನೋಡ್ತೀನಿ."

"ಏಳಲ್ಲ ಸ್ವಾಮಿ. ತಪ್ಪು ತಿಳ್ಕೋಬೇಡಿ. ಒಂದು ಸಲ ಊಟಕ್ಕೆ ಅಂತ ಎದ್ದು ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಹೀಗಾಗಿ, ಕರೆ ಹೋಗಿ ಸಬ್ ಇನ್‌ಸ್ಪೆಕ್ಟರು ಬರುವ ಹೊತ್ತಿಗೂ ದೂರುದಾರ ಬೆಂಚಿನ ನಟ್ಟನಡುವೆ ಪೀಠಾಧಿಪತಿಯಂತೆ ಕೂತೇ ಇದ್ದ. ಸಬ್ ಇನ್‌ಸ್ಪೆಕ್ಟರು ನಗುನಗುತ್ತ ಬಂದರು. ಕಂಕುಳಲ್ಲಿ ಒಂದು ಫೈಲಿತ್ತು. ತನಿಖೆಗೆ ಕರೆಸಿಕೊಂಡವರು ನಗುತ್ತ ಬಂದರೆ ಕರೆಸಿದವರು ಹುಷಾರಾಗಿರಬೇಕೆಂಬುದು ತಕ್ಕಡಿಯವರ ಅನುಭವ.

"ಹೌದು ಸಾರ್, ನಮ್ಮ ಪೇದೆಗಳೇ ತಂದಿದ್ದು. ತಪ್ಪು ಒಪ್ಕೊಂಡೆ. ಯಾಕೆ ತಂದ್ರು ಅಂತ ಓದಲಾ?" ಉತ್ತರಕ್ಕೆ ಕಾಯದೆ, ಸಮಿತಿ ಠಾಣೆಗೆ ಬರೆದಿದ್ದ ಪತ್ರವನ್ನು ಫೈಲಿನಿಂದ ತೆಗೆದು ಓದಿದರು: "'ಪತ್ರ ತಲುಪಿದ ಮೂರು ದಿನದೊಳಗೆ ದೂರುದಾರರಿಗೆ ತಕ್ಕ ಆಸನವನ್ನು ಒದಗಿಸತಕ್ಕದ್ದು. ತಪ್ಪಿದಲ್ಲಿ ಠಾಣೆಯ ವಿರುದ್ಧ ಸಮಿತಿಯ ಮೊದಲ ಟಿಪ್ಪಣಿ ದಾಖಲಾಗುವುದು. ಎಲ್ಲಿಂದ, ಹೇಗೆ ಎಂಬುದು ಸಮಿತಿಗೆ ಸಂಬಂಧಿಸಿದ್ದಲ್ಲ.' ಕೊನೇ ಸಾಲಿಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಇದೆ ಸಾರ್. ಸಹಿ ತಮ್ಮದು."

ಸಹಿ ತಕ್ಕಡಿಯವರದೇ. ಗೆರೆಗಳೂ ಅವರವೇ. ಆ ಸಾಲು ಬರೆದ ಸಂಜೆ ಅದನ್ನು ತಾವೇ ಎರಡು ಸಲ ಓದಿ ಖುಷಿಪಟ್ಟದ್ದೂ ನೆನಪಿಗೆ ಬಂತು.

"ನಮ್ಮ ಠಾಣೇಲಿ ನಮಗೇ ಕೂರೋಕೆ ಜಾಗ ಇಲ್ಲ" ಎಂದು ಸಬ್ ಇನ್‌ಸ್ಪೆಕ್ಟರು ದನಿ ತಗ್ಗಿಸಿದರು. "ಮೂರನೇ ದಿನ ಮಧ್ಯಾಹ್ನ ಹುಡುಗರಿಗೆ ಹೇಳಿದೆ, ಎಲ್ಲಾದ್ರೂ ಒಂದು ಹುಡುಕ್ರಪ್ಪಾ ಅಂತ. ಹುಡುಕಿದ್ರು. ಈಗ ಒಂದು ಕೆಲಸ ಮಾಡೋಣ ಸಾರ್. 'ವಾರಸುದಾರರಿಲ್ಲದ ಬೆಂಚು ಸಿಕ್ಕಿತು. ವಾರಸುದಾರ ಸಿಕ್ಕಿದ. ಒಪ್ಪಿಸಲಾಯಿತು.' ಮೂರೇ ಸಾಲು. ನಿಮ್ಮ ಹೆಸರೂ ಬರಲ್ಲ, ನಮ್ಮ ಹೆಸರೂ ಬರಲ್ಲ."

ಎಷ್ಟು ಚೊಕ್ಕ ಬರವಣಿಗೆ ಎಂದು ತಕ್ಕಡಿಯವರಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೇ ಅವರಿಗೆ ಸಣ್ಣಗೆ ಭಯವಾಯಿತು.

"ಸ್ವಾಮಿ, ಹಂಗೆ ಮಾತ್ರ ಬರೀಬೇಡಿ" ಎಂದ ಬೆಂಚಿನ ಮೇಲಿದ್ದವನು. ಅವನಿದ್ದಾನೆಂಬುದನ್ನೇ ಎಲ್ಲರೂ ಮರೆತಿದ್ದರು. "ವಾರಸುದಾರರಿಲ್ಲ ಅಂತ ಬರೆದ್ರೆ ನಾಳೆ ಇನ್ನೊಬ್ಬ ಎತ್ತುತ್ತಾನೆ. ಬೆಂಚು ಇವನದು, ಕೇಳದೆ ತಗೊಂಡ್ವಿ ಅಂತ ಬರೆದು ಕೊಡಿ. ಆ ಕಾಗದಕ್ಕೆ ಕಟ್ಟು ಹಾಕಿಸಿ ಕನ್ನಡಿ ಪಕ್ಕ ನೇತು ಹಾಕ್ತೀನಿ."

ಕನ್ನಡಿ ಪಕ್ಕ. ದಿನಕ್ಕೆ ಮೂವತ್ತು ಮುಖ ಅದನ್ನು ಓದುತ್ತವೆ. ತಕ್ಕಡಿಯವರು ನಾಳೆಗೆ ಸಭೆ ಮುಂದೂಡಿದರು. ತೀರ್ಮಾನವಾಗುವವರೆಗೆ ಬೆಂಚು ಸಾಕ್ಷ್ಯ, ಅಲುಗಿಸುವಂತಿಲ್ಲ ಎಂದೂ ಹೇಳಿದರು. ಕೋಣೆಯ ಬೀಗದ ಕೈ ತನಗೆ ಕೊಟ್ಟ ಮೇಲೆಯೇ ಕ್ಷೌರಿಕ ಎದ್ದದ್ದು.

ತಕ್ಕಡಿಯವರ ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದರು. "ಯಾಕ್ರೀ, ಇಂಗು ತಿಂದ ಮಂಗನ ಹಾಗೆ ಬಂದಿದೀರಿ?"

ಅವರು ವಿಷಯವನ್ನು ಕಚೇರಿ ಭಾಷೆಯಲ್ಲಿ ಒಪ್ಪಿಸಿದರು. ಬೆಂಚೊಂದನ್ನು ತರಲಾಗಿತ್ತು.

"ಯಾರು ತರಿಸಿದ್ದು?"

"ಪತ್ರದ ಮೂಲಕ ತರಿಸಲಾಗಿತ್ತು."

"ಪತ್ರಕ್ಕೆ ಕೈಕಾಲು ಇತ್ತೇನ್ರೀ?"

ತಕ್ಕಡಿಯವರು ಟವೆಲೊಂದನ್ನು ಎತ್ತಿಕೊಂಡು ಮಡಚತೊಡಗಿದರು. ಅಂಚಿಗೆ ಅಂಚು ಕೂಡಲಿಲ್ಲ.

"ನಮ್ಮ ಭಾವನಿಗೆ ದಂಡ ಹಾಕಿದ್ರಲ್ಲ, ಅವತ್ತು ಅವರೂ ಹೇಳಿದ್ರು. ನಾನೇನೂ ಮಾಡಿಲ್ಲ, ತಕ್ಕಡಿ ಬಂದಾಗಿನಿಂದ ಹಂಗೇ ಇತ್ತು ಅಂತ. ನೀವು ಕೇಳಿದ್ರಾ?"

"ಅದು ಐವತ್ತು ಗ್ರಾಂ ಕಣೇ."

"ಇದು ಎಷ್ಟು ಕೆಜಿ?"

ಇಬ್ಬರು ಪೇದೆಗಳು ಹೊರುವಷ್ಟು. ಅವರು ಮನಸ್ಸಿನಲ್ಲೇ ತೂಗಿ ನೋಡಿದರು.

"ಬರೆದ್ರೆ ಜನ ನಗ್ತಾರೆ" ಎಂದರು ಕೊನೆಗೆ, ಬಹಳ ಮೆಲ್ಲಗೆ.

"ನಗಲಿ ಬಿಡಿ. ಮೂವತ್ತೆರಡು ವರ್ಷ ಹೆದರಿದಾರೆ, ಪಾಪ." ಟವೆಲನ್ನು ಅವರ ಕೈಯಿಂದ ಕಿತ್ತು ಹೆಂಡತಿ ಮತ್ತೆ ಮಡಚಿದರು.

ಬುಧವಾರ ಬೆಳಿಗ್ಗೆ ಬೀಗ ತೆಗೆದುಕೊಟ್ಟ ಕ್ಷೌರಿಕ ತನ್ನ ಜಾಗದಲ್ಲಿ ಕೂತ. ತಕ್ಕಡಿಯವರು ಬರೆದು ತಂದದ್ದನ್ನು ಡಾಕ್ಟರಮ್ಮ ಓದಿ ಕನ್ನಡಕ ತೆಗೆದರು. "ಇದೇನು, ತಪ್ಪಿತಸ್ಥರ ಪಟ್ಟೀಲಿ ನಿಮ್ಮ ಹೆಸರೇ ಮೊದಲು?"

"ಕಿತ್ರೆ ಬೇರು ಸಮೇತ ಕೀಳ್ಬೇಕು ಅಂತ ನೀವೇ ಹೇಳ್ತೀರಲ್ಲಮ್ಮ."

"ನಾನು ಹೇಳೋದು ಬೇರೆಯವರ ಹಲ್ಲಿಗೆ" ಎಂದು ನಕ್ಕು ಅವರು ಸಹಿ ಹಾಕಿದರು. ಫೋಟೋದವನೂ ಹಾಕಿದ.

ಸಬ್ ಇನ್‌ಸ್ಪೆಕ್ಟರು ಕಾಗದವನ್ನು ನಿಂತೇ ಓದಿದರು. ಈ ಸಲ ನಗಲಿಲ್ಲ. "ಸಾರ್, ನೀವೇ ಹೀಗೆ ಒಪ್ಕೊಂಡು ಬಿಟ್ರೆ ನಾಳೆ ನಮಗೂ ಒಪ್ಕೊಳ್ಳಿ ಅಂತಾರೆ."

"ಅಂತಾರೆ" ಎಂದರು ತಕ್ಕಡಿಯವರು. "ಎರಡನೇ ಹೆಸರು ನಿಮ್ಮದು. ಸಹಿ ಅದರ ಎದುರಿಗೆ."

ದೂರು ನಿಜವೆಂದು ತೀರ್ಮಾನವಾಯಿತು. ಅಧ್ಯಕ್ಷರಿಗೂ ಸಬ್ ಇನ್‌ಸ್ಪೆಕ್ಟರಿಗೂ ಇಬ್ಬರು ಪೇದೆಗಳಿಗೂ ಎಚ್ಚರಿಕೆ ಕೊಡಲಾಯಿತು. ಅದೇ ದಿನ ಹನ್ನೊಂದೂಕಾಲಿಗೆ ಬೆಂಚು ಅಂಗಡಿಯ ಮುಂದಕ್ಕೆ ಮರಳಿತು. ಸಮಿತಿಯ ಕೋಣೆಯಲ್ಲಿ ದೂರುದಾರರು ಈಗ ನಿಂತುಕೊಂಡು ದೂರು ಹೇಳುತ್ತಾರೆ.