ಮುಸರ್ರತ್ ಹಿಡಿದ ಸಪ್ಪಳ

ಮುಸರ್ರತ್‌ಳ ಕಾರಿನಲ್ಲಿ ಹದಿನೈದು ದಿನದಿಂದ ಗರಗರ ಸಪ್ಪಳ. ಕಾರು ಅವಳದೇ. ದೇವದುರ್ಗ, ಅರಕೇರಾ ಕಡೆಯ ಹಳ್ಳಿಗಳಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡಿ, ಆರು ವರ್ಷ ಕೂಡಿಟ್ಟು ಕೊಂಡ ಹಳೆಯ ಗಾಡಿ. ಗಂಡ ಕಲೀಮುಲ್ಲಾನಿಗೆ ಮಾನ್ವಿ ಬಜಾರದಲ್ಲಿ ಚಪ್ಪಲಿ ಅಂಗಡಿ. ಕಾರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಹತ್ತುವುದು, ಇಳಿದ ಮೇಲೆ ಬಾಗಿಲು ಧಡ್ಡೆಂದು ಬಡಿಯುವುದು, ಇಷ್ಟೇ.

ಒಂದು ಬೆಳಿಗ್ಗೆ ಅವಳು ಗಾಡಿಯನ್ನು ರಾಯಚೂರಿನ ಅಮೋಘಸಿದ್ದನ ಗ್ಯಾರೇಜಿಗೆ ಒಯ್ದಳು.

"ಸಪ್ಪಳ ಗಾಡಿ ನಿಂತಾಗೂ ಬರ್ತದ, ಕ್ಲಚ್ ಒತ್ತಿದ್ರೂ ನಿಲ್ಲಂಗಿಲ್ಲ. ಗೇರ್‌ಬಾಕ್ಸ್ ಅಲ್ಲರಿ ಇದು," ಎಂದಳು.

ಅಮೋಘಸಿದ್ದ ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ. "ಮನಿಯವರ ನಂಬರ್ ಹೇಳ್ರಿ ಅಕ್ಕಾರ."

"ನಂದು ಬರ್ಕೊಂಡೀರಲ್ಲ."

"ಅದು ಇರ್ಲಿ ಬಿಡ್ರಿ. ಮನಿಯವರದು ಹೇಳ್ರಿ."

ಹೇಳಿದಳು. ಅಲ್ಲೇ ಎಡವಟ್ಟಾಯಿತು. ಹೆಂಗಸಿನ ಗಾಡಿಗೆ ಗಂಡಸು ಹೂಂ ಅನ್ನಬೇಕು ಎಂಬುದು ಆ ಗ್ಯಾರೇಜಿನ ಕಾನೂನು. ಯಾವ ಪುಣ್ಯಾತ್ಮ ಮಾಡಿದ ಕಾನೂನೋ ಯಾರಿಗೂ ಗೊತ್ತಿಲ್ಲ, ಪಾಲಿಸುವವರು ಮಾತ್ರ ಊರ ತುಂಬ ಇದ್ದಾರೆ.

ಮಾರ್ಕೆಟ್ಟಿನಲ್ಲಿ ಮಷಿನ್ ಸಾಮಾನು ಕೊಂಡು ಮಧ್ಯಾಹ್ನ ಅವಳು ತಿರುಗಿ ಬಂದಾಗ ಕಾರು ಜ್ಯಾಕಿನ ಮೇಲಿತ್ತು. ಗ್ಯಾರೇಜಿನ ಇಬ್ಬರು ಹುಡುಗರು ಅದರ ಕೆಳಗೆ ತೂರಿದ್ದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕಲೀಮುಲ್ಲಾ ಚಹಾ ಕುಡಿಯುತ್ತ ಕೂತಿದ್ದ.

"ನೀವು ಯಾಕ ಬಂದ್ರಿ?"

"ಫೋನ್ ಮಾಡಿದ್ರು. ಗೇರ್‌ಬಾಕ್ಸ್ ಹೋಗೇದಂತ, ನಲವತ್ತಾರು ಸಾವಿರ ಆಗ್ತದಂತ. ಹೂಂ ಅಂದೆ. ಬೀರುವಿನ್ಯಾಗಿನ ರೊಕ್ಕ ತಂದೀನಿ."

ಮನೆಯಲ್ಲಿ ದಖನಿ ಉರ್ದು ಆಡುವ ಅವನು ಗ್ಯಾರೇಜಿನವರಿಗೂ ಕೇಳಲೆಂದು ಕನ್ನಡದಲ್ಲೇ ಹೇಳಿದ್ದ. ಬೀರುವಿನ ಹಣ ಬಟ್ಟೆಯ ಅಂಚು ಹೊಲಿಯುವ ಇಂಟರ್‌ಲಾಕ್ ಮಷಿನ್ ಕೊಳ್ಳಲು ಅವಳು ಎತ್ತಿಟ್ಟದ್ದು. ಮುಸರ್ರತ್‌ಳಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಗಾಡಿ, ಅವಳ ದುಡ್ಡು, ಅವಳ ಕಿವಿ ಕೇಳಿದ ಸಪ್ಪಳ. ಮೂರನ್ನೂ ಬಿಟ್ಟು ಗಂಡ, ಅಮೋಘಸಿದ್ದ ಇಬ್ಬರೂ ಫೋನಿನಲ್ಲೇ ವ್ಯವಹಾರ ಮುಗಿಸಿದ್ದರು.

"ಗೇರ್‌ಬಾಕ್ಸಿಗೆ ಕೈ ಹಚ್ಚಬ್ಯಾಡ್ರಿ. ಗಾಡಿ ಕೆಳಗ ಇಳಿಸ್ರಿ," ಎಂದಳು.

"ಅಕ್ಕಾರ, ನಿಮಗ ತಿಳಿಯಂಗಿಲ್ಲ," ಎಂದ ಅಮೋಘಸಿದ್ದ.

"ಇಳಿಸ್ರಿ ಅಂದೆ. ಗಾಡಿ ನನ್ನ ಹೆಸರಿಲೆ ಅದ."

ಇಳಿಸಿದರು. ಅವಳು ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, ತನ್ನ ಚೀಲದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದಳು. ಹೊಲಿಗೆ ಮಷಿನ್ನಿನ ಮೋಟಾರಿನಲ್ಲಿ ಯಾವ ಬೇರಿಂಗ್ ಸವೆದಿದೆ ಎಂದು ಅವಳು ಹಿಡಿಯುತ್ತಿದ್ದದ್ದು ಹೀಗೆಯೇ: ತುದಿ ಯಂತ್ರಕ್ಕೆ, ಹಿಡಿಕೆ ಕಿವಿಗೆ. ಎಂಜಿನ್ನಿನ ತಿರುಗುವ ಬೆಲ್ಟಿಗೆ ಸೆರಗು ತಾಗದಂತೆ ಸಿಕ್ಕಿಸಿಕೊಂಡು ಒಂದೊಂದೇ ಕಡೆ ಇಟ್ಟು ಕೇಳಿದಳು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಇಟ್ಟಾಗ ಹಲ್ಲು ಜುಮ್ಮೆನ್ನುವಷ್ಟು ಗರಗರ.

"ನೀವೂ ಕೇಳ್ರಿ," ಎಂದು ಅಮೋಘಸಿದ್ದನಿಗೆ ಕೊಟ್ಟಳು.

ಕೇಳಿದ. ಒಲ್ಲದ ಮನಸ್ಸಿನಿಂದ ಡೈನಮೋ ಬಿಚ್ಚಿಸಿದ. ಬೇರಿಂಗ್ ಗುಂಡುಗಳು ಅಂಗೈಗೆ ಉದುರಿದವು.

"ಇದನ್ನ ಮೊದಲ ಹೇಳಬೇಕಿತ್ತರಿ ನೀವು."

"ಬೆಳಿಗ್ಗೆ ಹೇಳಾಕತ್ತಿದ್ದೆ. ನೀವು ನಮ್ಮನಿಯವರ ನಂಬರ್ ಕೇಳಾಕತ್ತಿದ್ರಿ."

ಬೇರಿಂಗು, ಕೂಲಿ ಸೇರಿ ಸಾವಿರದ ನಾನೂರಕ್ಕೆ ಮುಗಿಯಿತು.

ಗಾಡಿ ರಾಯಚೂರು ಬಿಟ್ಟಿತೋ ಇಲ್ಲವೋ, ಕಲೀಮುಲ್ಲಾ ತನ್ನ ಪಕ್ಕದಂಗಡಿಯ ಗೋಪಾಲಕೃಷ್ಣನಿಗೆ ಫೋನು ಹಚ್ಚಿದ. "ಗೇರ್‌ಬಾಕ್ಸ್ ಅಂತ ನಲವತ್ತಾರು ಸಾವಿರ ಕೀಳಾವ ಇದ್ದ. ನಾ ಹೋಗಿ ನಿಂತೆ ನೋಡು, ಸುಮ್ನಾದ. ಗಂಡಸರು ಇರಬೇಕಪ್ಪ ಇಂಥಲ್ಲಿ."

ದಾರಿಯಲ್ಲಿ ಕಲ್ಲೂರು ಇನ್ನೂ ಬಂದಿರಲಿಲ್ಲ. ಮುಸರ್ರತ್ ಕಾರನ್ನು ರಸ್ತೆ ಬದಿಗೆ ತೆಗೆದು, ಎಂಜಿನ್ ಬಂದ್ ಮಾಡಿ, ಕೀಲಿ ಕೈಗೆ ತೆಗೆದುಕೊಂಡಳು. ಅಮೋಘಸಿದ್ದ ಹೊರಗಿನವನು. ಗಂಡ ಎಲ್ಲವನ್ನೂ ಕಣ್ಣಾರೆ ಕಂಡವನು.

"ಮತ್ತ ಫೋನ್ ಹಚ್ಚರಿ. ಆಗಿದ್ದು ಆದಂಗ ಹೇಳ್ರಿ."

"ಮನಿಗೆ ಹೋಗಿ ಹೇಳ್ತೀನಿ ಬಿಡು."

"ಹೇಳೂತನ ಗಾಡಿ ಮುಂದ ಹೋಗೂದಿಲ್ಲ."

ಲಾರಿಗಳು ಧೂಳೆಬ್ಬಿಸಿ ಹೋದವು. ಬಿಸಿಲಿಗೆ ಸೀಟು ಕಾಯತೊಡಗಿತು. ಕಲೀಮುಲ್ಲಾ ಅವಳ ಮುಖ ನೋಡಿದ, ಮುಷ್ಟಿಯಲ್ಲಿದ್ದ ಕೀಲಿ ನೋಡಿದ, ಕೊನೆಗೆ ನಂಬರ್ ಒತ್ತಿದ.

"ಗೋಪಾಲಪ್ಪ, ಆ ಸಪ್ಪಳ ಹಿಡ್ದಾಕಿ ಮುಸರ್ರತ್. ರೊಕ್ಕ ಉಳಿಸಿದಾಕಿನೂ ಆಕಿನ." ಅವಳು ಕೀಲಿ ಬಿಡಲಿಲ್ಲ. "ನಾ ಗೇರ್‌ಬಾಕ್ಸ್ ಬಿಚ್ಚಾಕ ಹೂಂ ಅಂದಿದ್ದೆ."