ಕಸಕ್ಕೆ ಬಿದ್ದ ಕರೆ

ನನ್ನ ತಂಗಿ ಪಟಾಲಮ್ಮ ಕಾಶಿಯಲ್ಲಿ ತೀರಿಕೊಂಡಳೆಂಬ ತಂತಿ ಬಂದದ್ದು ೨೦೦೯ರ ಕಾರ್ತಿಕ ಸೋಮವಾರ. ನಾನು ಜಕ್ಕೂರಿನ ಭಜನೆ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ದಹನವೂ ಮುಗಿದುಹೋಗಿತ್ತು. ತಂತಿಯ ಕೊನೆಗೊಂದು ಮಾತು: ‘ಬೇಗ ಮುಟ್ಟಲೆಂದು ಮೊದಲೇ ಮೇಲ್ ಕಳಿಸಿದ್ದೆವು. ಯಾರೂ ಬರಲಿಲ್ಲ.’

ಅವಳು ಜೊತೆಗೆ ಒಯ್ದಿದ್ದ ಭಜನೆ ಪುಸ್ತಕದ ಬೆನ್ನಿಗೆ ನಮ್ಮ ಮಂಡಳಿಯ ಮೇಲ್ ವಿಳಾಸ ಅಚ್ಚಾಗಿದೆ. ಅದನ್ನು ನೋಡಿಕೊಳ್ಳುವವನು ಯೋಗಾನಂದ. ಕೊಡಿಗೇಹಳ್ಳಿಯ ಅವನ ಕಂಪ್ಯೂಟರ್ ಅಂಗಡಿಗೆ ಹೋದೆ. ಮಂಡಳಿಯ ಹಿರಿಯ ವೆಂಕಟರಾಮಯ್ಯನೂ ಜೊತೆಗೆ ಬಂದ.

“ಏನೂ ಬಂದಿಲ್ಲ ಮುನಿಯಣ್ಣ,” ಎಂದ ಯೋಗಾನಂದ.

“ಉಡುಕೋ.”

ಹುಡುಕಿದ. ಕಂಪ್ಯೂಟರಿನೊಳಗಿನ ಕಸದ ಪೆಟ್ಟಿಗೆಯಲ್ಲಿ ಸಿಕ್ಕಿತು.

“ಕಸಕ್ಕೆ ಯಾರೋ ಆಕಿದ್ದು?”

“ಲಾಟರಿ ಕಳ್ರು ಅರ್ಜೆಂಟ್ ಅರ್ಜೆಂಟ್ ಅಂತ ದೊಡ್ಡಕ್ಷರದಲ್ಲಿ ಕಿರುಚ್ಕೊಂಡು ಬರೀತಾರಲ್ಲ ಅಣ್ಣ, ದೊಡ್ಡಕ್ಷರದ ಆ ಪದ ಇರೋ ಮೇಲ್‌ಗಳೆಲ್ಲ ಕಸಕ್ಕೆ ಹೋಗ್ಲಿ ಅಂತ ರೂಲ್ ಹಾಕಿದ್ದೆ. ಆಮೇಲೆ ಕೆಲವ್ರು ಚಿಕ್ಕಕ್ಷರದಲ್ಲಿ ಬರೆದು ನುಸುಳಿದ್ರು. ಅದಕ್ಕೆ ರೂಲಿನ ಕೊನೇಲಿ ಫ್ಲ್ಯಾಗ್ ಅಂತ, ಗುರುತಿಗೆ, ‘ಐ’ ಅನ್ನೋ ಇಂಗ್ಲಿಷ್ ಅಕ್ಷರ ಸೇರಿಸ್ದೆ. ಅದಿದ್ರೆ ದೊಡ್ಡಕ್ಷರ ಚಿಕ್ಕಕ್ಷರ ಎಲ್ಲಾ ಒಂದೇ.”

“ಕಿರುಚೋ ಕಳ್ಳನಿಗೂ ಮೆತ್ತಗೆ ಕರೆಯೋ ನನ್ ತಂಗಿಗೂ ಒಂದೇ ಬಾಗ್ಲು ಮುಚ್ಬಿಟ್ಯಾ? ಆ ಕಸಾನ ಒಂದ್ಸಲ ತಿರುವಿ ನೋಡಕ್ಕೆ ಕಣ್ಣಿರ್ನಿಲ್ವಾ?”

“ಬಿಡಪ್ಪ,” ಎಂದ ವೆಂಕಟರಾಮಯ್ಯ. “ಕಾಶೀಲಿ ಸತ್ತವ್ಳೆ, ಪುಣ್ಯವಂತೆ.”

“ಪುಣ್ಯ ಅವಳ್ದು ಕಣಯ್ಯ! ಬಾಯ್ಗೆ ನೀರು ಬಿಡೋದು ನಂದಾಗಿತ್ತು!” ಎಂದು ಮೇಜು ಗುದ್ದಿದೆ. “ಓದೋ ಅದ್ನ.”

ಕಾಶಿಯಲ್ಲಿ ಅವಳು ಇಳಿದುಕೊಂಡಿದ್ದ ಛತ್ರದ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದಿದ್ದ. ಯೋಗಾನಂದ ತಡವರಿಸುತ್ತ ಕನ್ನಡದಲ್ಲಿ ಹೇಳಿದ: “ಅರ್ಜೆಂಟಾಗಿ ಬನ್ನಿ. ಗಂಗೆ ಕೊಟ್ರೆ ಬಾಯಿ ತೆಗೀತಿಲ್ಲ. ಅಣ್ಣನ ಕೈಲೇ ಕುಡೀತೀನಿ ಅಂತಿದಾರೆ.”

ನಾನು ಪರದೆಗೆ ಬೆರಳಿಟ್ಟೆ.

“ಅಳಿಸು, ಆ ಅಕ್ಷರಾನ. ನನ್ ಕಣ್ಣೆದುರ್ಗೇ ಅಳಿಸು.”

ಅಳಿಸಿದ. “ತಪ್ಪಾಯ್ತಣ್ಣ,” ಎಂದು ಕಾಲಿಗೆ ಬಗ್ಗಿದ. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಇರಲಿ ಬಿಡು ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ, ಈಗಲೂ ಬಂದಿಲ್ಲ.

ನೇರವಾಗಿ ಜಕ್ಕೂರು ಕೆರೆಗೆ ಹೋಗಿ, ಮಿಂದು, ಉಟ್ಟ ಒದ್ದೆ ಪಂಚೆಯಲ್ಲೇ ಉತ್ತರಕ್ಕೆ ಮುಖ ಮಾಡಿ ನಿಂತೆ. ಬೊಗಸೆಯಲ್ಲಿ ನೀರೆತ್ತಿ ಹಿಡಿದೆ.

ವಿಶ್ವನಾಥ, ಈ ಕೋಪ ನನ್ನದು, ಅದು ಅವಳನ್ನು ತಾಗದಿರಲಿ. ಬಾಯಾರಿ ನಿನ್ನ ಬಳಿಗೆ ಬಂದಿದ್ದಾಳೆ. ಅಣ್ಣ ಕಳಿಸಿದ್ದೆಂದು ಹೇಳಿ ಈ ನೀರು ಕುಡಿಸು. ನನ್ನ ಪಟಾಲಿ ನಿನ್ನ ಪಾದದಲ್ಲಿ ತಣ್ಣಗಿರಲಿ.